ಅಜ್ಜಿಯ ಬೀಸುಕಲ್ಲಿನ ಗಡಿಯಾರ

ರಾಬರ್ಟ್‌ಸನ್‌ಪೇಟೆಯ ನನ್ನ ಮೋಟಾರು ರಿಪೇರಿ ಅಂಗಡಿಯ ಪಕ್ಕದಲ್ಲಿ ವೆಲ್ಡಿಂಗಿನವನು ಕಾರ್ಬೈಡು ನೆನೆಸಿದರೆ ಸಾಕು, ಆ ಕೊಳೆತ ಬೆಳ್ಳುಳ್ಳಿಯಂಥ ವಾಸನೆಗೆ ಅಪ್ಪ ಚಿನ್ನದ ಗಣಿಯಿಂದ ಕಾರ್ಬೈಡ್ ದೀಪ ಹಿಡಿದು ಬಂದಂತಾಗುತ್ತದೆ. ಐವತ್ತರ ದಶಕದಲ್ಲಿ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ತಗಡಿನ ಲೈನ್ ಮನೆ, ಅಜ್ಜಿ ತನ್ನೂರು ಕಾಮಸಮುದ್ರದಿಂದ ತಂದಿದ್ದ ಬೀಸುಕಲ್ಲಿನ ಗರಗರ, ರಾಗಿ ಹಿಟ್ಟಿನ ಬೆಚ್ಚನೆ ಘಮ, ಎಲ್ಲ ಮರಳುತ್ತವೆ. ಅವುಗಳ ಹಿಂದೆಯೇ ಫಿಸಿಕ್ಸ್ ಮೇಷ್ಟ್ರೂ ಬರುತ್ತಾರೆ. ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೈಸ್ಕೂಲಿನಲ್ಲಿ ಲೋಲಕದ ಪಾಠ ನನಗೆ ಹತ್ತಲೇ ಇಲ್ಲ. ಗಣಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಅಪ್ಪ ಗೋಡೆ ನೆಟ್ಟಗಿದೆಯಾ ಅಂತ ನೋಡುವ ತನ್ನ ತೂಗುಗುಂಡಿನ ದಾರಕ್ಕೆ ಕಲ್ಲು ಕಟ್ಟಿ ತೊಲೆಗೆ ಇಳಿಬಿಟ್ಟ. ಮನೆಯಲ್ಲಿ ಗಡಿಯಾರ ಎಲ್ಲಿತ್ತು? ಅಜ್ಜಿ ಬೀಸುವ ಸುತ್ತುಗಳೇ ಗಡಿಯಾರ. "ನಿನ್ ಓದಿಗೆ ನನ್ ರೆಟ್ಟೆ ಬಿದ್ದೋಯ್ತದೆ ಕಣೇ" ಅನ್ನುತ್ತಲೇ ಒಂದೇ ಸಮ ತಿರುಗಿಸುತ್ತಿದ್ದಳು. ಕಲ್ಲು, ಕಬ್ಬಿಣ, ಬೆಲ್ಲದುಂಡೆ, ಏನು ಕಟ್ಟಿದರೂ ದಾರದ ಉದ್ದ ಅದೇ ಇದ್ದರೆ ಅಜ್ಜಿಯ ಸುತ್ತೂ ಅಷ್ಟೇ. ತಿಂಗಳುಗಟ್ಟಲೆ ಎಣಿಸಿ, ರೆಕಾರ್ಡ್ ಪುಸ್ತಕದಲ್ಲಿ 'ಇಪ್ಪತ್ತು ತೂಗಾಟಕ್ಕೆ ಬೀಸುಕಲ್ಲು ಮೂವತ್ತೆಂಟು ಸುತ್ತು' ಎಂದೇ ಬರೆದುಬಿಟ್ಟೆ. ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿದರು. "ಫಿಸಿಕ್ಸ್ ಹುಟ್ಟುತ್ತಲೇ ಬರಬೇಕಮ್ಮ. ನಿನಗೆ ಬಂದಿರೋದು ರಾಗಿ ಬೀಸೋದು, ಹೋಗಿ ಬೀಸ್ಕೋ." ಅವರ ಮೆಚ್ಚಿನ ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಲೋಲಕದ ಗುಂಡಿನ ಭಾರ ಎರಡರಷ್ಟಾದರೆ ಏನಾಗುತ್ತೆ ಅಂತ ಕೇಳಿದಾಗ ಅವನು ತಟ್ಟನೆ "ಬೇಗ ತೂಗುತ್ತೆ" ಅಂದ. ನಾನು "ಅಷ್ಟೇ ಹೊತ್ತು ಸಾರ್, ಕಟ್ಟಿ ನೋಡಿದೀನಿ" ಅಂದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ನನಗೆ ಅಷ್ಟು ಸಾಲಲಿಲ್ಲ.

ವ್ಯಾಪಾರದಲ್ಲಿ ಕಲಿತ ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ. ಬೇರೆಯವರು ನಿಮಗೆ ಕಟ್ಟಿದ ಮೊದಲ ಬೆಲೆಗೆ ಒಪ್ಪಬೇಡಿ, ಆದರೆ ಅದನ್ನು ಮರೆಯಲೂಬೇಡಿ. ಎಷ್ಟೋ ವರ್ಷದ ಮೇಲೆ ಮುದುಕರಾದ ಮೇಷ್ಟ್ರು ಮೊಮ್ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು.

"ಇವಳಿಗೆ ಫಿಸಿಕ್ಸ್ ಹತ್ತೋದಿಲ್ಲಮ್ಮ. ನಾನು ಹೇಳಿದ್ದು ತಲೆಗೆ ಹೋಗ್ತಿಲ್ಲ, ನೀನು ಕೈಯಲ್ಲಿ ಮಾಡಿ ತೋರಿಸ್ತೀಯಂತೆ. ಸ್ವಲ್ಪ ಹೇಳಿಕೊಡ್ತೀಯಾ?"

"ಹುಟ್ಟುತ್ತಲೇ ಬರಬೇಕಲ್ವಾ ಸಾರ್?"

ಅವರು ಮೊಮ್ಮಗಳನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಒಳಗಿಂದ ಅಜ್ಜಿಯ ಬೀಸುಕಲ್ಲು ತರಿಸಿ ಅವರ ಮುಂದೆ ಇಡಿಸಿದೆ, ತೊಲೆಗೆ ಕಲ್ಲು ಇಳಿಬಿಟ್ಟೆ. ಗೋಡೆ ಗಡಿಯಾರ ಅವರ ತಲೆಯ ಮೇಲೇ ಇತ್ತು, ಅದನ್ನು ನೋಡಲು ಬಿಡಲಿಲ್ಲ. "ಇಪ್ಪತ್ತು ತೂಗಾಟಕ್ಕೆ ಎಷ್ಟು ಸುತ್ತು ಅಂತ ಹುಡುಗಿ ಎಣಿಸ್ತಾಳೆ. ನೀವು ಬೀಸಿ ಸಾರ್."

ಗಿರಾಕಿಗಳೆಲ್ಲ ನೋಡುತ್ತಿದ್ದರು. ಮೇಷ್ಟ್ರು ಬೀಸಿದರು. ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಕೈ ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿತ್ತು, ಹುಡುಗಿಯ ಎಣಿಕೆ ಒಂದು ಸಲದಂತೆ ಇನ್ನೊಂದು ಸಲ ಬರಲಿಲ್ಲ. ಲೈನ್ ಮನೆ ಬಿದ್ದುಹೋಗಿದೆ, ದಾರ ಕಟ್ಟಿದ ಅಪ್ಪ ಇಲ್ಲ. ಬೀಸುಕಲ್ಲು ಮಾತ್ರ ಅದೇ. ಅದನ್ನು ಅಜ್ಜಿಯಷ್ಟು ಸಮನಾಗಿ ತಿರುಗಿಸುವ ಕೈ ಈ ಊರಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.