ಪದವಿಯ ಸರಕ್ಕೆ ಎರಡು ಕೊಂಡಿ

ಕಾರ್ಖಾನೆಗಳ ದ್ವೀಪವಾದ ಜುರಾಂಗ್ ಐಲ್ಯಾಂಡಿಗೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದವರೂ ಕೊರಳಿನ ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದೇ ಇರುತ್ತಾರೆ. ಅದು ಕಳಚಿಬಿದ್ದರೆ ತಾವು ಯಾರೆಂಬುದು ತಮಗೇ ಮರೆತುಹೋದೀತೆಂಬ ಭಯವೋ ಏನೋ. ನಗುವ ಹಕ್ಕು ನನಗಿಲ್ಲ. ಐವತ್ತೊಂಬತ್ತರ ಈ ಪ್ರಾಯದಲ್ಲಿ ಕೊರಳಿಗೆ ಬೀಳಬಹುದಾದ ಒಂದು ಆಭರಣಕ್ಕಾಗಿ ನಾನೂ ಬಾಯಿಬಿಟ್ಟುಕೊಂಡು ಕಾದವನೇ.

ಈ ಪರದೇಶದಲ್ಲಿ ನಮ್ಮದೊಂದು ಕೂಟವಿದೆ. ಮಧ್ಯಯುಗದ ಯುರೋಪಿನ ಉಡುಪು ತೊಟ್ಟು, ಭೂಮಧ್ಯರೇಖೆಯ ಸೆಕೆಯಲ್ಲಿ ಉಣ್ಣೆಯ ನಿಲುವಂಗಿಯೊಳಗೆ ಬೆಂದು, ಪರಸ್ಪರ ತಲೆಬಾಗುವ ಗಣ್ಯ ಮೂಢರ ಕೂಟ. ಆ ಕಾಲದಲ್ಲಿ ಹೆಗಲಿಂದ ಹೆಗಲಿಗೆ ಹರಡಿ ಎದೆಗಿಳಿಯುವ ಪದವಿಯ ಸರವನ್ನು ಯಾರೂ ತಾವಾಗಿ ಧರಿಸುವಂತಿರಲಿಲ್ಲವಂತೆ, ದೊರೆಯೇ ತೊಡಿಸಬೇಕು. ನಮ್ಮಲ್ಲೂ ಅದೇ ಕಟ್ಟಳೆ. ಆರು ವರ್ಷ ನಾನು ಬರಿಗೊರಳಿನ ಪರಿಚಾರಕನಾಗಿದ್ದೆ. ಈ ಸಲ ನಮ್ಮ ದೊರೆ, ಅಂದರೆ ಕೂಟದ ಅಧ್ಯಕ್ಷರು, ಹೊಸ ಸರವೊಂದನ್ನು ಮಾಡಿಕೊಡಲು ನನಗೇ ಹೇಳಿದಾಗ, ಅದು ಯಾರಿಗೆಂದು ಕೇಳುವುದು ಅಸಭ್ಯತೆಯೆಂದು ಭಾವಿಸಿದೆ. ಕೇಳದೆಯೇ ಉತ್ತರ ತಿಳಿದಿತ್ತಲ್ಲ! ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾಲ್ಕು ತಿಂಗಳು ಹಿತ್ತಾಳೆ ತಗಡು ಕತ್ತರಿಸಿ, ಅರದಿಂದ ಉಜ್ಜಿ, ಕೊಂಡಿಗೆ ಕೊಂಡಿ ಬೆಸೆದೆ. ಅಳತೆಯನ್ನು ಕನ್ನಡಿಯ ಮುಂದೆ ನಿಂತು ನನ್ನ ಹೆಗಲಿನದೇ ತೆಗೆದುಕೊಂಡೆ.

"ಅವರು ನಿಮಗೇ ಅಂತ ಹೇಳಿದ್ರಾ?" ಎಂದಳು ಹೆಂಡತಿ. ಅವಳ ಅನುಮಾನಬುದ್ಧಿಯನ್ನು ಕುರಿತು ಅಂದು ನಾನು ಕೊಟ್ಟ ಉಪನ್ಯಾಸವನ್ನು ನೆನೆದರೆ ಇಂದೂ ಕಿವಿ ಬಿಸಿಯಾಗುತ್ತದೆ.

ಸಮಾರಂಭದ ದಿನ ದೊರೆ ಕರೆದದ್ದು ರಾಘವೇಂದ್ರನನ್ನು. ಮೈಸೂರಿನ ಕಡೆಯವನು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಕೂಟಕ್ಕೆ ಬಂದು ವರ್ಷವೂ ಆಗಿಲ್ಲ, ಭುಜ ಮಾತ್ರ ವಿಶಾಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಹೊಟ್ಟೆ ಉರಿಯುತ್ತಿತ್ತು, ಅದಕ್ಕೆ ತಾತ್ತ್ವಿಕ ಬೇಸರವೆಂಬ ಮರ್ಯಾದಸ್ಥ ಹೆಸರಿಡುವಷ್ಟು ಸುಳ್ಳುಗಾರ ನಾನಲ್ಲ.

ಮರುವಾರ ಅವನು ಸರವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದ. "ಅಂಕಲ್, ವರ್ಕ್ ಸೂಪರ್ ಆಗಿದೆ. ಶೋಲ್ಡರ್ ಹತ್ರ ಸ್ವಲ್ಪ ಟೈಟು. ಎರಡು ಲಿಂಕ್ ಆಡ್ ಮಾಡ್ಕೊಡ್ತೀರಾ?" ನಾನು ಟೇಪು ಹಿಡಿದು ಅವನ ಹಿಂದೆ ನಿಂತೆ, ಅವನು ದರ್ಜಿಯೆದುರು ನಿಲ್ಲುವಂತೆ ಸಲೀಸಾಗಿ ಗದ್ದವೆತ್ತಿದ. ಅವನದೇನೂ ತಪ್ಪಿರಲಿಲ್ಲ. ನನಗೆ ಸಹಿಸಲಾಗದಿದ್ದದ್ದು ಅದೇ.

ಭಾನುವಾರ ಎರಡು ಕೊಂಡಿ ಬೆಸೆದು ಮುಗಿಸಿದೆ. ಹೆಂಡತಿ ತರಕಾರಿಗೆಂದು ಲಿಟಲ್ ಇಂಡಿಯಾಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಟ್ಟಳೆ ಮುರಿದು, ಸರವನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಎಷ್ಟು ನೆಟ್ಟಗೆ ನಿಂತರೂ ಅದು ತೋಳಿಗೆ ಜಾರಿತು.