ಕುಳಿತು ಉಂಡ ಊಟ

ಇಳಕಲ್ಲಿನ ನೇಕಾರ ಅಮಾತೆಪ್ಪನ ಹೆಂಡತಿ ಸಿದ್ದಲಿಂಗವ್ವ ಇನ್ನೊಬ್ಬರು ಮಾಡಿದ ಅಡುಗೆಯನ್ನು ನೆಮ್ಮದಿಯಾಗಿ ಕುಳಿತು ಉಂಡವಳೇ ಅಲ್ಲ. ಮೊದಲು ಅತ್ತೆ ಮಾವಂದಿರಿಗೆ, ಆಮೇಲೆ ಗಂಡನಿಗೆ, ಮಗಳಿಗೆ ನೀಡಿ, ಉಳಿದದ್ದನ್ನು ಒಲೆಯ ಮುಂದೆಯೇ ಉಂಡೆದ್ದು ಮತ್ತೆ ಮಗ್ಗದ ನೂಲಿನ ಕಂಡಿಕೆ ಸುತ್ತಲು ಹೋಗುವವಳು. ಬೀಗರ ಮದುವೆಗೆ ಹೋದರೂ ಅಷ್ಟೇ, ಸೆರಗು ಸಿಕ್ಕಿಸಿ ಬಡಿಸಲು ನಿಂತುಬಿಡುತ್ತಿದ್ದಳು.

ಮಗಳನ್ನು ಗುಡೂರಿಗೆ ಕೊಟ್ಟ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಓಮಿನ ಕಷಾಯ, ಅಂಗಾರ, ಹರಕೆ ಎಲ್ಲವೂ ಆದವು. ಕನ್ನಡ ನಾಡು ಒಂದಾದ ಮರುವರ್ಷ, ಅವಳು ಎರಡು ತುತ್ತಿಗೆ ಕೈತೊಳೆಯತೊಡಗಿದಾಗ, ಅಮಾತೆಪ್ಪ ಮಗ್ಗ ನಿಲ್ಲಿಸಿ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದ.

ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಅಮಾತೆಪ್ಪನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು: "ಗಂಟು ಭಾಳ ಬೆಳದೈತಿ. ಮಿರಜದ ದೊಡ್ಡ ದವಾಖಾನಿಗೆ ಒಯ್ದರೂ ಉಪಯೋಗಿಲ್ಲ. ನೋವಿಗೆ ಗುಳಿಗಿ ಕೊಡ್ತೇನಿ. ಮನ್ಯಾಗ ಚಲೋ ನೋಡ್ಕೋರಿ."

ಅವನು ಮುಖ ಒರೆಸಿಕೊಂಡು ಒಳಗೆ ಬಂದ. "ಯುಗಾದಿ ಅನ್ನೂದ್ರಾಗ ನೆಟ್ಟಗಾಗ್ತಿ ಅಂತ ಅಂದ್ರು ನೋಡು" ಎಂದ.

"ಹೌದೇನ್ರಿ? ಪಾಡ ಆತು" ಎಂದಳು ಅವಳು.

ಅಷ್ಟರಲ್ಲಿ ಇಳಕಲ್ಲಿನ ಬಸ್ಸು ಹೋಗಿಬಿಟ್ಟಿತ್ತು. ಪೇಟೆಯಲ್ಲಿ ಗುರುಲಿಂಗವ್ವ ಎಂಬ ವಿಧವೆ ಖಾನಾವಳಿ ನಡೆಸುತ್ತಿದ್ದಳು. ಅಟ್ಟದ ಮೇಲೆ ಉಳಿಯುವವರಿಗೆ ಎರಡು ಖೋಲಿಗಳಿದ್ದವು. ಗಂಡ ಹೆಂಡತಿ ಅಲ್ಲಿಯೇ ಉಳಿದರು.

ಸಂಜೆ ಊಟಕ್ಕೆ ಕುಳಿತಾಗ ಸಿದ್ದಲಿಂಗವ್ವನಿಗೆ ಕೈ ಆಡಲೊಲ್ಲದು. ಪಕ್ಕದ ಪಂಕ್ತಿಯಲ್ಲಿ ಯಾರೋ ಪಲ್ಯ ಕೇಳಿದರೆ ಇವಳೇ ಏಳಲು ಹೋದಳು. ಗುರುಲಿಂಗವ್ವ ಅವಳ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದಳು.

"ಕೂಡು ತಂಗಿ. ಇಲ್ಲಿ ನೀಡಾಕಿ ನಾನು, ಉಣ್ಣಾಕಿ ನೀನು."

ಸಿದ್ದಲಿಂಗವ್ವ ನಕ್ಕುಬಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ರೊಟ್ಟಿ ಎಷ್ಟು ತೆಳ್ಳಗ ಬಡದಾರ್ರಿ! ಬದನಿಕಾಯಿಗೆ ಗುರೆಳ್ಳು ಹಾಕ್ಯಾರ, ಅದಕ್ಕs ಈ ರುಚಿ" ಎಂದು ಗಂಡನ ಕಿವಿಯಲ್ಲಿ ಹೇಳುತ್ತಾ ಕಾಲು ರೊಟ್ಟಿ ತಿಂದಳು. ಅಷ್ಟೇ ಸೇರಿದ್ದು. ತಾಟಿನಲ್ಲಿ ಬಿಡುವುದು ಅವಳಿಗೆ ಒಗ್ಗದೆಂದು ಅಮಾತೆಪ್ಪ ಉಳಿದದ್ದನ್ನು ತನ್ನ ತಾಟಿಗೆ ಎಳೆದುಕೊಂಡ.

ಬೆಳಿಗ್ಗೆ ಉಪ್ಪಿಟ್ಟು, ಶಿರಾ, ಚಹಾ ಬಂತು. ಅವಳು ಶಿರಾದೊಳಗಿನ ಗೋಡಂಬಿಯನ್ನು ಬೆರಳಿನಿಂದ ಆರಿಸಿ ಗಂಡನ ಕಡೆ ಸರಿಸಿದಳು. ಆಮೇಲೆ ತಲೆಯೆತ್ತದೆ ಅಂದಳು:

"ಊರಿಗೆ ಹೋಗಿ ನೀವು ರೊಟ್ಟಿ ಬಡಿಯೂದು ಕಲೀರಿ."

"ನಾ ಯಾಕ? ನೀ ಇದ್ದೀಯಲ್ಲ."

"ಡಾಕ್ಟರು ನಿಮ್ಮನ್ನ ಹೊರಗ ಕರದಾಗs ನನಗ ತಿಳೀತ್ರಿ. ನೀವು ಸುಳ್ಳ ಹೇಳಿದ್ರಿ, ನಾ ಹೂಂ ಅಂದೆ. ಒಂದ್ ಊಟ ಖುಶಿಲೇ ಉಣ್ಣೂಣು ಅಂತ."

ಅಮಾತೆಪ್ಪನ ಎದುರಿಗಿದ್ದ ಚಹಾ ಆರಿಹೋಯಿತು.

ಊರಿಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ಕುಳಿತು ಕಲಿಸಿದಳು. ಎಸರು ಎಷ್ಟು ಕುದಿಯಬೇಕು, ಹಿಟ್ಟು ಹೇಗೆ ನಾದಬೇಕು ಎಂದು. ಜೀವನವಿಡೀ ಮಗ್ಗದಲ್ಲಿ ಲಾಳಿ ಎಸೆದ ಕೈ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಸೋಲುತ್ತಿತ್ತು. ರೊಟ್ಟಿ ಹರಿದಾಗಲೆಲ್ಲ ಅವಳು ನೋವು ಹಿಡಿದುಕೊಂಡೇ ನಗುತ್ತಿದ್ದಳು. ಯುಗಾದಿಗೆ ಮೊದಲೇ ಅವಳು ತೀರಿಕೊಂಡಳು. ಗುಡೂರಿನಿಂದ ಬಂದ ಮಗಳು ಹಾಡಿಕೊಂಡು ಅತ್ತಳು, ಅಮಾತೆಪ್ಪ ಅಳಲಿಲ್ಲ. ಮಣ್ಣು ಕೊಟ್ಟು ಬಂದು ಒಲೆ ಹಚ್ಚಿ, ಮಗಳಿಗೆ ತಾನೇ ರೊಟ್ಟಿ ಮಾಡಿ ನೀಡಿದ.

ಸುಗ್ಗಿ ಮುಗಿದ ಮೇಲೆ ಸೀರೆ ಕೊಡಲು ಬಾಗಲಕೋಟೆಗೆ ಹೋದವನನ್ನು ಗುರುಲಿಂಗವ್ವ ಬಾಗಿಲಲ್ಲೇ ಗುರುತು ಹಿಡಿದಳು.

"ಅಣ್ಣಾರ, ತಂಗಿ ಆರಾಮ ಅದಾಳಿಲ್ಲೋ?"

ಇಲ್ಲವೆನ್ನಲು ಅವನು ಬಾಯಿ ತೆರೆದ. ಈ ಒಂದು ಮನೆಯಲ್ಲಾದರೂ ಅವಳು ಇನ್ನೂ ಬದುಕಿದ್ದಾಳೆ, ಇಲ್ಲಿಯೂ ಹೇಗೆ ಸಾಯಿಸಲಿ ಅನ್ನಿಸಿತು.

"ಆರಾಮ ಅದಾಳ್ರಿ" ಎಂದ.

"ಭಾಳ ಚಲೋ ಆತ್ರಿ. ನಿಂದರ್ರಿ" ಎಂದು ಅವಳು ಒಳಗೆ ಹೋಗಿ ಎರಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. "ಆಕಿಗೆ ಕೊಡ್ರಿ. ಮತ್ತೊಮ್ಮೆ ಕರ್ಕೊಂಡು ಬರ್ರಿ."

"ಹೂಂ, ಕೊಡ್ತೇನ್ರಿ."

ಬಸ್ಸು ಹುನಗುಂದ ದಾಟುವವರೆಗೂ ಅವನು ಹೋಳಿಗೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದ. ಆಮೇಲೆ ರುಮಾಲಿನ ಚುಂಗನ್ನು ಬಾಯಿಗೆ ಒತ್ತಿಕೊಂಡು, ಬಸ್ಸಿನ ತುಂಬ ಮಂದಿ ಇರುವಾಗಲೇ, ಅತ್ತ.