ಆಗಿಬಂದ ಕಲ್ಲಿನ ಬೆಲೆ

ಹೊಸದುರ್ಗದಿಂದ ನಾದಿನಿ ಫೋನು ಮಾಡಿದಾಗ ನಾನು ಅವರೆಕಾಳು ಹಿಸುಕುತ್ತಾ ಕೂತಿದ್ದೆ. ನಮ್ಮವರ ಒಬ್ಬಳೇ ತಂಗಿ. ಊಟ ಆಯ್ತಾ, ತಿಂಡಿ ಆಯ್ತಾ ಎಂದು ಸುತ್ತು ಹೊಡೆಯುವವಳಲ್ಲ.

"ಅತ್ತಿಗೆ, ನಿಮ್ಮ ಮೂಗಿನ ವಜ್ರಕ್ಕೆ ಕೊಟ್ಟಿದ್ದು ಸರಿಯಾದ ರೇಟೇನ್ರಿ?"

"ಯಾಕೆ?"

"ನಾನೂ ಒಂದು ತಗಬೇಕು ಅಂತ ಮಾಡೀನಿ, ಅದೇ ಅಂಗಡ್ಯಾಗೆ. ನೀವು ಹೂಂ ಅಂದ್ರೆ ಹೂಂ. ಕಾನ್ವೆಂಟ್ನಾಗೆ ಓದಿದೋರು, ಸುಮ್ನೆ ಕಣ್ಮುಚ್ಕಂಡು ತಗಂಡಿರಲ್ಲ."

ನೋಡಿ ಹೇಳ್ತೀನಿ ಅಂದೆ. ಫೋನಿಟ್ಟ ಮೇಲೆ ಏನನ್ನು ನೋಡಿ ಹೇಳುವುದು ಎಂದು ಯೋಚನೆಗೆ ಬಿದ್ದೆ. ಮದುವೆಯಲ್ಲಿ ತವರಿನಿಂದ ಅವಳಿಗೆ ಎರಡು ಹೆಣ್ಣು ಕುರಿ ಕೊಟ್ಟಿದ್ದರು. ಅವುಗಳ ಮರಿಗಳ ಮೇಲೆ ಗಂಡನಿಗೂ ಅತ್ತೆಮಾವನಿಗೂ ಹಕ್ಕಿಲ್ಲ, ನಮ್ಮಲ್ಲಿ ಹಾಗೆಯೇ. ಹದಿನೆಂಟು ವರ್ಷ ಆ ಮರಿಗಳ ದುಡ್ಡು ಮುಟ್ಟದೆ ಇಟ್ಟವಳು ಈಗ ನನ್ನ ಒಂದು ಮಾತಿನ ಮೇಲೆ ಅದನ್ನು ಖರ್ಚು ಮಾಡಲು ಹೊರಟಿದ್ದಳು. ಅವಳಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಾನು ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ತಗೊಂಡಿದ್ದೆ.

ಅದು ಆದದ್ದು ಹೀಗೆ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ನಮ್ಮವರು ಮೂಗುಬೊಟ್ಟು ಕೊಡಿಸುತ್ತೇನೆಂದರು. ಚಿತ್ರದುರ್ಗದ ಪೇಟೆಯ ಹಳೆಯ ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಅಂಗಡಿಯವರು ನೀಲಿ ಕಾಗದದ ಪೊಟ್ಟಣ ಬಿಚ್ಚಿ ಒಂದು ಕಲ್ಲು ತೋರಿಸಿದರು. ನಾನು ಬೆಲೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದರು.

"ಮೊದಲು ಮನೆಗೆ ಬರಲಿ. ಆಗಿಬರುತ್ತೋ ಇಲ್ಲವೋ ನೋಡಾಣ. ರೇಟು ಆಮೇಲೆ."

ವಜ್ರ ಎಲ್ಲರ ಮನೆಗೂ ಆಗಿಬರುವುದಿಲ್ಲ, ಮೂರು ದಿನ ಇಟ್ಟುಕೊಂಡು ನೋಡಬೇಕು. ಇದು ಅಂಗಡಿಯವರಿಗೂ ಗೊತ್ತು. ಗುರುತಿನ ಮನೆಯವರಿಗೆ ಹಾಗೆ ಕೊಟ್ಟು ಕಳಿಸುತ್ತಾರೆ. ಪೊಟ್ಟಣವನ್ನು ದೇವರ ಮುಂದೆ ಅರಿಶಿನದ ಬಟ್ಟಲಿನಲ್ಲಿ ಇಟ್ಟೆವು. ಮೊದಲನೆಯ ದಿನ ಅತ್ತೆ ಮಂಡಿ ನೋವಿಲ್ಲದೆ ಎದ್ದು ತಾವೇ ಹಾಲು ತಂದರು. ಎರಡನೆಯ ದಿನ, ಒಣಗಿ ಕಡ್ಡಿಯಾಗಿದ್ದ ತುಳಸಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಮೂರನೆಯ ದಿನ ನಮ್ಮವರ ವರ್ಗಾವಣೆ ನಿಂತುಹೋಯಿತೆಂದು ಆಫೀಸಿನಿಂದ ಸುದ್ದಿ ಬಂತು. ಅಲ್ಲಿಗೆ ಮುಗಿಯಿತು. ಅತ್ತೆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಹೇಳಿದರು, "ಆಗಿಬಂದ ಕಲ್ಲಿಗೆ ಚೌಕಾಸಿ ಮಾಡಬಾರದು. ಮುನಿಸ್ಕಂತೈತೆ."

ಮತ್ತೆ ಅಂಗಡಿಗೆ ಹೋದಾಗ ಅಂಗಡಿಯವರು ತಿನ್ನಲು ಗೋಡಂಬಿ ಕೊಟ್ಟು, ಮೂವತ್ತೆಂಟು ಸಾವಿರ ಎಂದರು. ಮೂವತ್ತೆಂಟು ಸಾವಿರ ಕೊಟ್ಟು ಬಂದೆವು. ಟೊಮೆಟೊಗೆ ಎರಡು ರೂಪಾಯಿ ಇಳಿಸದೆ ಚೀಲ ತೆರೆಯದ ನಾನು, ಅಂದು ಬಾಯಿ ಬಿಡಲಿಲ್ಲ.

ಈಗ ಬೀರುವಿನಿಂದ ಕಲ್ಲಿನ ಜೊತೆ ಕೊಟ್ಟಿದ್ದ ಕಾರ್ಡು ತೆಗೆದೆ. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಸಿಸ್ಟರುಗಳು ಮುಂಗೈಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದ ಇಂಗ್ಲಿಷು, ಒಂದೊಂದು ಶಬ್ದವೂ ಅರ್ಥವಾಯಿತು, ಒಟ್ಟಿನಲ್ಲಿ ಏನೂ ಅರ್ಥವಾಗಲಿಲ್ಲ. ತೂಕ ಇಪ್ಪತ್ತೈದು ಸೆಂಟು, ಅಂದರೆ ಕಾಲು ಕ್ಯಾರೆಟ್ಟು. ಬಣ್ಣ ಎಚ್ ಎಂದಿತ್ತು. ಕಾನ್ವೆಂಟಿನಲ್ಲಿ ಎ ಬಂದರೆ ಜಾಣೆ, ಡಿ ಬಂದರೆ ಅಪ್ಪನನ್ನು ಕರೆಸುತ್ತಿದ್ದರು. ಮೊಬೈಲಿನಲ್ಲಿ ಹುಡುಕಿದರೆ ವಜ್ರಕ್ಕೆ ಡಿ ಎಂದರೇ ಎಲ್ಲಕ್ಕಿಂತ ಮೇಲಂತೆ. ಎ, ಬಿ, ಸಿ ಇಲ್ಲವೇ ಇಲ್ಲ. ನಮ್ಮವರಿಗೆ ತೋರಿಸಿದೆ.

"ಇಪ್ಪತ್ತೈದು ಸೆಂಟು ಅಂದ್ರೆ ಜಾಗದ ಲೆಕ್ಕದಲ್ಲಿ ಒಂದು ಮನೆನೇ ಕಟ್ಟಬಹುದಲ್ಲೇ," ಎಂದು ನಕ್ಕು ಪೇಪರು ತಿರುವಿದರು.

ಆ ವಾರವೇ ಐಮಂಗಲದಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ, ಬಟ್ಟೆ ನೋಡುತ್ತೇನೆಂದು ಸುಳ್ಳು ಹೇಳಿ ಹಿರಿಯೂರಿಗೆ ಹೋಗಿ ಗಾಜಿನ ದೊಡ್ಡ ಅಂಗಡಿಯೊಂದನ್ನು ಹೊಕ್ಕೆ. ಇಪ್ಪತ್ತೈದು ಸೆಂಟಿನ ಕಲ್ಲು ತೋರಿಸಿ ಎಂದೆ. ಕೌಂಟರಿನ ಹುಡುಗಿ ಕಪ್ಪು ಮಖಮಲ್ಲಿನ ಮೇಲೆ ಮೂರು ಇಟ್ಟಳು. ಒಂದಕ್ಕೆ ಇಪ್ಪತ್ತೊಂಬತ್ತು ಸಾವಿರ, ಒಂದಕ್ಕೆ ನಲವತ್ತಾರು, ಇನ್ನೊಂದಕ್ಕೆ ಒಂಬತ್ತು.

"ಒಂಬತ್ತಾ? ಸುಳ್ಳು ವಜ್ರನಾ?"

"ಇಲ್ಲ ಆಂಟಿ, ನಿಜದ್ದೇ. ಮಿಷನ್ನಾಗೆ ಬೆಳೆಸಿದ್ದು."

ಮೂರನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಒಂದರಲ್ಲಿ ಟ್ಯೂಬ್‌ಲೈಟು ಎರಡು ತುಂಡಾಗಿ ಕಂಡಿತು, ಒಂದರಲ್ಲಿ ನಾಲ್ಕು ತುಂಡಾಗಿ. ಯಾವುದು ನಲವತ್ತಾರರದ್ದು ಎಂದು ಆಮೇಲೆ ಮರೆತೇಹೋಯಿತು. ಹುಡುಗಿಯೂ ಚೀಟಿ ನೋಡಿಯೇ ಬೇರೆ ಮಾಡಿಟ್ಟಳು. ನನ್ನ ಮೂಗಿನದು ಹೇಗಿದೆ ಹೇಳಮ್ಮ ಎಂದರೆ ಬಗ್ಗಿ ನೋಡಿ, "ಚೆನ್ನಾಗಿ ಒಪ್ಪುತ್ತೆ ಆಂಟಿ," ಎಂದಳು. ಮಾರುವುದಾದರೆ ಅರ್ಧದಷ್ಟೂ ಬರುವುದು ಕಷ್ಟ ಅಂತಲೂ ಅದೇ ನಗುಮುಖದಲ್ಲಿ ಸೇರಿಸಿದಳು. ಇಪ್ಪತ್ತೊಂಬತ್ತರ ಲೆಕ್ಕದಲ್ಲಿ ನಾನು ಮೋಸಹೋಗಿದ್ದೆ, ನಲವತ್ತಾರರ ಲೆಕ್ಕದಲ್ಲಿ ಜಾಣೆಯಾಗಿದ್ದೆ. ಬಸ್ಸಿನಲ್ಲಿ ಚಿತ್ರದುರ್ಗ ಬರುವವರೆಗೆ ಇವೆರಡರ ನಡುವೆ ಓಲಾಡಿದೆ.

ಹೊಳಲ್ಕೆರೆಯಲ್ಲಿ ನಮ್ಮ ಮನೆಗೆ ಮೊದಲಿನಿಂದ ಚಿನ್ನದ ಕೆಲಸ ಮಾಡುವ ಆಚಾರ್ರಿದ್ದಾರೆ. ಸುಳ್ಳು ಹೇಳುವ ಪೈಕಿ ಅಲ್ಲ. ಅವರ ಹತ್ತಿರವೂ ಹೋದೆ. ಮೂಗು ಬರಿದು ಬಿಡಬಾರದೆಂದು ಹಳೆಯ ಚಿನ್ನದ ಬೊಟ್ಟು ಒಯ್ದಿದ್ದೆ, ಅದನ್ನು ತೊಟ್ಟು ವಜ್ರ ಬಿಚ್ಚಿಕೊಟ್ಟೆ. ಅವರು ಅದಕ್ಕೆ ಬಾಯಿಂದ ಹಬೆ ಊದಿದರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಜಗುಲಿಯ ನೆರಳಿಗೆ ತಿರುಗಿದರು.

"ಕಲ್ಲು ಚೆನ್ನಾಗೈತೆ ಕಣವ್ವ. ಅಂಚಿನಾಗೆ ಒಂದು ಚುಕ್ಕಿ ಐತೆ, ಅದು ಕಾಣಾದು ನನಗೆ, ನಿಮಗಲ್ಲ."

"ಮೂವತ್ತೆಂಟು ಸರಿಯಾ ಆಚಾರ್ರೇ?"

"ಬಂಗಾರದ ರೇಟು ದಿನಾ ಪೇಪರ್ನಾಗೆ ಬರ್ತೈತೆ. ಇದರ ರೇಟು ಯಾವ ಪೇಪರ್ನಾಗೆ ನೋಡೀರಿ? ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಮಜ್ಜಿಗೆ ಕುಡಿದು ಬಂದೆ. ಆ ಚುಕ್ಕಿಗೆ ಎಷ್ಟು ಕಡಿಮೆ ಮಾಡಿಸಬಹುದಿತ್ತು ಎಂದು ಕೇಳುವುದೇ ಮರೆತಿದ್ದೆ. ಅಂದಿನಿಂದ ಕನ್ನಡಿ ನೋಡಿದಾಗಲೆಲ್ಲ ನನಗೆ ಕಾಣದ ಆ ಚುಕ್ಕಿಯನ್ನೇ ಹುಡುಕುವುದಾಯಿತು.

ಅಷ್ಟರಲ್ಲಿ ನಾದಿನಿ ಬಸ್ಸು ಹತ್ತಿ ಬಂದೇಬಿಟ್ಟಳು. ಹೂಂ ಅಂತೀರಾ ಇಲ್ಲವಾ ಎಂದು ಹೊಸಿಲಲ್ಲೇ ಕೇಳಿದಳು. ಆಗ ನನಗೆ ಖಂಡಿತವಾಗಿ ಗೊತ್ತಿದ್ದದ್ದು ಒಂದೇ. ಅತ್ತೆ ಒಳಗೆ ಮಲಗಿದ್ದರು, ಆದರೂ ದನಿ ತಗ್ಗಿಸಿ ಅದನ್ನು ಹೇಳಿದೆ. "ಕಲ್ಲು ಮನೆಗೆ ತಗಂಡು ಹೋಗೋಕೆ ಮುಂಚೆ ರೇಟು ಮುಗಿಸು. ನಾನು ಮುಗಿಸಿರಲಿಲ್ಲ."

ನಾವಿಬ್ಬರೂ ಹೋದ ಅದೇ ಹಳೆಯ ಅಂಗಡಿಯಲ್ಲಿ ನನ್ನದರಷ್ಟೇ ತೂಕದ, ಕಾರ್ಡಿನಲ್ಲಿ ಅದೇ ಅಕ್ಷರವಿದ್ದ ಕಲ್ಲಿಗೆ ಮೂವತ್ತನಾಲ್ಕು ಎಂದರು. ನಾದಿನಿ ಕುರಿ ಸಂತೆಯಲ್ಲಿ ಮಾತಾಡುವಂತೆಯೇ ಮಾತಾಡಿದಳು. ಎರಡು ಸಲ ಎದ್ದು ಚಪ್ಪಲಿ ಹಾಕಿದಳು. ಮೂವತ್ತೊಂದಕ್ಕೆ ನಿಂತಿತು. ಅಂಗಡಿಯವರು ನನ್ನ ಮೂಗಿನ ಕಡೆ ಒಮ್ಮೆ ನೋಡಿ, "ಈಗ ಮಾರ್ಕೆಟ್ ಇಳಿದೈತೆ ಅಮ್ಮ. ನಿಮ್ಮ ಕಲ್ಲಿನ ಕಳೆನೇ ಬೇರೆ," ಎಂದರು. ನಿಜಕ್ಕೂ ಬೇರೆಯೋ, ನನ್ನ ಮುಖ ನೋಡಿ ಹೇಳಿದ್ದೋ ತಿಳಿಯಲಿಲ್ಲ. ಆಗಿಬಂದರೆ ದುಡ್ಡು ಕೊಡುವುದೆಂದು ಅವಳು ಪೊಟ್ಟಣವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೊಸದುರ್ಗಕ್ಕೆ ಹೋದಳು. ನನ್ನ ತಲೆಯ ಭಾರ ಇಳಿಯಿತು ಅಂದುಕೊಂಡೆ.

ನಾಲ್ಕನೆಯ ದಿನ ಮತ್ತೆ ಬಂದಳು, ಪೊಟ್ಟಣ ವಾಪಸು ಕೊಟ್ಟೇ ನಮ್ಮ ಮನೆಗೆ ಬಂದಿದ್ದಳು. ಮೊದಲ ದಿನ ಅವಳ ಮನೆಯಲ್ಲಿ ಮಿಕ್ಸಿ ಸುಟ್ಟುಹೋಯಿತು. ಮರುದಿನ ಗಬ್ಬದ ಕುರಿ ಕುಂಟಿತು. ಮೂರನೆಯ ದಿನ, ಎಂದೂ ದನಿ ಎತ್ತದ ಗಂಡ ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ತಳ್ಳಿದ.

"ನನಗೆ ಆಗಿಬರಲಿಲ್ಲ ಅತ್ತಿಗೆ," ಎಂದವಳು ಸೆರಗಿನಿಂದ ದುಡ್ಡಿನ ಗಂಟು ತೆಗೆದು ನನ್ನ ಮುಂದಿಟ್ಟಳು. "ನಿಮ್ಮದು ಕೊಡ್ರಿ. ಇದೇ ಮನೆಯಾಗೆ ಆಗಿಬಂದಿರೋದು, ನಾನೂ ಈ ಮನೆಯಾಗೆ ಹುಟ್ಟಿದೋಳು. ನೀವು ಕೊಟ್ಟಷ್ಟೂ ಕೊಡ್ತೀನಿ. ಚೌಕಾಸಿ ಇಲ್ಲ."

ಒಳಗಿನಿಂದ ಅತ್ತೆ ಬಂದು ಬಾಗಿಲಿಗೆ ಒರಗಿ ನಿಂತರು. ಮಗಳಿಗೆ ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮೂವತ್ತೆಂಟು ತಗೊಂಡರೆ, ಮೂವತ್ತೊಂದಕ್ಕೆ ಸಿಗುವುದನ್ನು ಗೊತ್ತಿದ್ದೂ ಅವಳಿಗೆ ಮಾರಿದ ಹಾಗೆ. ಮೂವತ್ತೊಂದು ಸಾಕು ಎಂದರೆ, ಅಂದು ಅತ್ತೆಯ ಮಾತು ಕೇಳಿ ಏಳು ಸಾವಿರ ಕಳೆದುಕೊಂಡೆನೆಂದು ಅತ್ತೆಯ ಮುಂದೆಯೇ ಹೇಳಿದ ಹಾಗೆ.

"ನಿನಗೆ ಜಾಸ್ತಿ ಆಗುತ್ತೆ ಕಣೇ," ಎಂದೆ.

"ಅಂಗಾದ್ರೆ ಅವತ್ತು ಫೋನ್ನಾಗೆ ಕೇಳ್ದಾಗ್ಲೇ ಜಾಸ್ತಿ ಕೊಟ್ಟೆ ಅನ್ನಬಹುದಿತ್ತಲ್ಲ."

"ಅವತ್ತು ಗೊತ್ತಿರಲಿಲ್ಲ."

"ಈಗ ಗೊತ್ತೈತಾ?"

ಗೊತ್ತಿರಲಿಲ್ಲ. ನನ್ನ ಕೈ ಮೂಗಿನ ತಿರುಪಿನ ಮೇಲಿತ್ತು, ಬಿಚ್ಚಲಿಕ್ಕೆ ಹೋದದ್ದೋ ಮುಚ್ಚಿಕೊಳ್ಳಲಿಕ್ಕೋ ನನಗೇ ಸ್ಪಷ್ಟವಿಲ್ಲ. ನಾದಿನಿ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಗಂಟನ್ನು ಸೆರಗಿಗೆ ಸೇರಿಸಿಕೊಂಡು ಹೇಳಿದಳು, "ನಿಮಗೆ ಕೊಡಾಕೆ ಮನಸಿಲ್ಲ. ಅದನ್ನ ಹೇಳ್ರಿ, ರೇಟಿನ ಮಾತು ಯಾಕೆ?"

ಅದೂ ಸುಳ್ಳಲ್ಲ ಅನ್ನಿಸಿತು. ಅವಳಿಗೆ ನಷ್ಟವಾಗದಿರಲೆಂದು ಬೇಡವೆಂದೆನೋ, ನನಗೇ ಬೇಕೆಂದು ಬೇಡವೆಂದೆನೋ ಬಿಡಿಸಿ ಹೇಳಲು ಬರಲಿಲ್ಲ. ಕಾಫಿ ಮಾಡ್ತೀನಿ ಇರು ಎಂದು ಎದ್ದೆ.